ನ್ಯಾನೊ ಕಣಗಳ ಮೇಲ್ಮೈ ರಸಾಯನ ಮತ್ತು ಮಾನವನ ರೋಗನಿರೋಧಕ ಕೋಶಗಳು: ಸಿಂಪರಣೆ ಮಾಡುವವರು ತಿಳಿದಿರಬೇಕಾದ ಸಂಗತಿಗಳು

ಕಳೆದ ಕೆಲವು ವರ್ಷಗಳಲ್ಲಿ ನ್ಯಾನೊ ಗೊಬ್ಬರಗಳು ರಾಜ್ಯದ ಹಳ್ಳಿಹಳ್ಳಿಗಳನ್ನು ತಲುಪಿವೆ. ದ್ರವರೂಪದ ನ್ಯಾನೊ ಯೂರಿಯಾ 2021ರಲ್ಲಿ ಮತ್ತು ನ್ಯಾನೊ ಡಿ.ಎ.ಪಿ. 2023ರಲ್ಲಿ ರಸಗೊಬ್ಬರ ನಿಯಂತ್ರಣ ಆದೇಶದ ವ್ಯಾಪ್ತಿಗೆ ಬಂದವು. ನ್ಯಾನೊ ಸತು, ತಾಮ್ರ, ಸಿಲಿಕಾ, ಕೈಟೊಸಾನ್ ಹೆಸರಿನ ಉತ್ಪನ್ನಗಳೂ ಅಂಗಡಿಗಳಲ್ಲಿ ಮತ್ತು ಕೃಷಿ ಮೇಳಗಳಲ್ಲಿ ಕಾಣಿಸಿಕೊಳ್ಳುತ್ತಿವೆ. ಇವು ಇಳುವರಿಗೆ ಎಷ್ಟರಮಟ್ಟಿಗೆ ನೆರವಾಗುತ್ತವೆ ಎಂಬುದು ಬೇರೆಯೇ ಚರ್ಚೆ. ಅದನ್ನು ಇಲ್ಲಿ ಎತ್ತಿಕೊಂಡಿಲ್ಲ. ರೈತರು ತರಬೇತಿ ಕಾರ್ಯಕ್ರಮಗಳಲ್ಲಿ ಕೇಳುವ ಇನ್ನೊಂದು ಪ್ರಶ್ನೆ ಈ ಲೇಖನದ ವಿಷಯ: ಇಷ್ಟು ಸಣ್ಣ ಕಣಗಳು ಉಸಿರಿನ ಮೂಲಕ ನಮ್ಮ ದೇಹವನ್ನು ಸೇರಿದರೆ ಏನಾಗುತ್ತದೆ?

ಈ ಪ್ರಶ್ನೆಗೆ ಸಾಮಾನ್ಯವಾಗಿ ಎರಡು ಬಗೆಯ ಉತ್ತರಗಳು ಸಿಗುತ್ತವೆ. ಮಾರಾಟಗಾರರು "ಇದು ಯೂರಿಯಾ ಅಷ್ಟೇ, ಏನೂ ಆಗುವುದಿಲ್ಲ" ಎನ್ನುತ್ತಾರೆ. ಭಯಪಡುವವರು "ನ್ಯಾನೊ ಎಂದರೆ ವಿಷ, ನೇರ ರಕ್ತಕ್ಕೆ ಇಳಿಯುತ್ತದೆ" ಎನ್ನುತ್ತಾರೆ. ಎರಡೂ ಉತ್ತರಗಳು ಪದಾರ್ಥದ ಹೆಸರನ್ನು ಅಥವಾ ಗಾತ್ರವನ್ನು ಮಾತ್ರ ನೋಡಿ ಹೇಳಿದವು. ನಮ್ಮ ದೇಹದ ಕಾವಲು ಕೋಶಗಳು ಕಣದ ಹೆಸರನ್ನು ಓದುವುದಿಲ್ಲ. ಅವು ಮುಟ್ಟಿ ನೋಡುವುದು ಕಣದ ಮೇಲ್ಮೈಯನ್ನು. ಒಂದೇ ಪದಾರ್ಥದ, ಒಂದೇ ಗಾತ್ರದ ಎರಡು ಕಣಗಳಲ್ಲಿ ಒಂದು ಸದ್ದಿಲ್ಲದೆ ಹೊರಹೋಗಬಹುದು, ಇನ್ನೊಂದು ಆ ಕೋಶವನ್ನೇ ಕೊಲ್ಲಬಹುದು. ಈ ವ್ಯತ್ಯಾಸ ಎಲ್ಲಿಂದ ಬರುತ್ತದೆ ಎಂಬುದನ್ನು ತಿಳಿದವರು ಯಾವ ಉತ್ಪನ್ನವನ್ನು ಹೇಗೆ ಬಳಸಬೇಕು, ಯಾವುದನ್ನು ಕೈಯಿಂದಲೂ ಮುಟ್ಟಬಾರದು ಎಂಬುದನ್ನು ಸ್ವತಃ ನಿರ್ಧರಿಸಬಲ್ಲರು.

ಚಿಕ್ಕದಾದಷ್ಟೂ ಮೇಲ್ಮೈ ಹೆಚ್ಚು

ಒಂದು ಮಿಲಿಮೀಟರಿನಲ್ಲಿ 10 ಲಕ್ಷ ನ್ಯಾನೊಮೀಟರ್‌ಗಳಿವೆ. ಸಾಮಾನ್ಯವಾಗಿ 1ರಿಂದ 100 ನ್ಯಾನೊಮೀಟರ್ ಅಳತೆಯ ಕಣಗಳನ್ನು ನ್ಯಾನೊ ಕಣಗಳೆಂದು ಕರೆಯಲಾಗುತ್ತದೆ. ಪ್ರತಿ ಬದಿ 1 ಸೆಂಟಿಮೀಟರ್ ಇರುವ ಒಂದು ಘನಾಕೃತಿಯ ಬೆಲ್ಲದ ತುಂಡನ್ನು ಊಹಿಸಿಕೊಳ್ಳಿ. ಅದರ ಹೊರಮೈ ಒಟ್ಟು 6 ಚದರ ಸೆಂಟಿಮೀಟರ್, ಎಂದರೆ ಒಂದು ಅಂಚೆಚೀಟಿಯಷ್ಟು. ಅದನ್ನು ಬದಿಯ ಅಳತೆ 10 ನ್ಯಾನೊಮೀಟರ್ ಆಗುವವರೆಗೆ ತುಂಡರಿಸಬಲ್ಲೆವಾದರೆ, ಅಷ್ಟೇ ಬೆಲ್ಲದ ಹೊರಮೈ 600 ಚದರ ಮೀಟರ್, ಅಂದರೆ ಹೆಚ್ಚುಕಡಿಮೆ ಆರು ಗುಂಟೆ ಜಮೀನಿನಷ್ಟಾಗುತ್ತದೆ. ತೂಕ ಮಾತ್ರ ಬದಲಾಗಿಲ್ಲ.

ಬೆಲ್ಲದ ಪುಡಿ ಅಚ್ಚಿಗಿಂತ ಬೇಗ ಕರಗುವುದಕ್ಕೆ ಇದೇ ಕಾರಣ. ನ್ಯಾನೊ ಗೊಬ್ಬರವನ್ನು ಕಡಿಮೆ ಪ್ರಮಾಣದಲ್ಲಿ ಬಳಸಲು ಸೂಚಿಸುವುದಕ್ಕೂ ಇದೇ ಆಧಾರ. ಕಣ ದೇಹವನ್ನು ಹೊಕ್ಕಾಗಲೂ ಇದೇ ನಿಯಮ ಅನ್ವಯಿಸುತ್ತದೆ. ಕಣದ ಒಳಗಿನ ಅಣುಗಳಿಗಿಂತ ಹೊರಮೈಯ ಅಣುಗಳೇ ದೇಹದೊಡನೆ ವ್ಯವಹರಿಸುತ್ತವೆ.

ದೇಹದ ಕಾವಲುಗಾರರು

1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ ರಷ್ಯಾದ ಪ್ರಾಣಿವಿಜ್ಞಾನಿ ಇಲ್ಯಾ ಮೆಚ್ನಿಕಾಫ್ ಅವರು ಪಾರದರ್ಶಕವಾದ ನಕ್ಷತ್ರಮೀನಿನ ಮರಿಯ ದೇಹಕ್ಕೆ ಗುಲಾಬಿ ಗಿಡದ ಮುಳ್ಳನ್ನು ಚುಚ್ಚಿ, ಮರುದಿನ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಚಲಿಸುವ ಕೋಶಗಳು ಮುಳ್ಳನ್ನು ಸುತ್ತುವರಿದಿದ್ದವು. ಹೊರಗಿನಿಂದ ಬಂದದ್ದನ್ನು ನುಂಗುವ ಈ ಭಕ್ಷಕ ಕೋಶಗಳ ಕುರಿತ ಕಾರ್ಯಕ್ಕೆ ಅವರಿಗೆ 1908ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು.

ನಮ್ಮ ಶ್ವಾಸಕೋಶದ ಕೋಟ್ಯಂತರ ಗಾಳಿಚೀಲಗಳಲ್ಲಿ ಇಂತಹ ಭಕ್ಷಕ ಕೋಶಗಳು ಸದಾ ಗಸ್ತು ತಿರುಗುತ್ತಿರುತ್ತವೆ. ಕಣ ಜಗಲಿ ದಾಟಿ ಒಳಗೆ ಬಂದರೆ ಮೊದಲು ಎದುರಾಗುವವು ಇವೇ. ಕೋಶವು ಕಣವನ್ನು ನುಂಗಿ, ಆಮ್ಲ ಮತ್ತು ಕಿಣ್ವಗಳು ತುಂಬಿದ ಒಂದು ಪುಟ್ಟ ಚೀಲಕ್ಕೆ ಸಾಗಿಸುತ್ತದೆ. ಆ ಚೀಲದ ರಸಸಾರ ಸುಮಾರು 4.5ರಿಂದ 5, ಹುಳಿ ಮಜ್ಜಿಗೆಗೆ ಹತ್ತಿರದ ಆಮ್ಲೀಯತೆ. ಕಣ ಅಲ್ಲಿ ಕರಗಿದರೆ ಒಂದು ಕತೆ. ಕರಗದೆ ಸುಮ್ಮನಿದ್ದರೆ ಇನ್ನೊಂದು. ಚೀಲವನ್ನೇ ಹರಿದರೆ ಮೂರನೆಯದು. ಮೂರರಲ್ಲಿ ಯಾವುದು ಆಗುತ್ತದೆ ಎಂಬುದು ಬಹುಮಟ್ಟಿಗೆ ಮೇಲ್ಮೈಯಿಂದ ನಿರ್ಧಾರವಾಗುತ್ತದೆ.

ಕಣವು ತೊಡುವ ಪ್ರೋಟೀನಿನ ಅಂಗಿ

ಕೋಶಕ್ಕೆ ಬೆತ್ತಲೆ ಕಣ ಎಂದೂ ಎದುರಾಗುವುದಿಲ್ಲ ಎಂಬುದನ್ನು ವಿಸ್ತರಣಾ ಕಾರ್ಯಕರ್ತರು ವಿಶೇಷವಾಗಿ ಗಮನಿಸಬೇಕು. ರಕ್ತಕ್ಕೋ ಶ್ವಾಸಕೋಶದ ತೇವದ ಪದರಕ್ಕೋ ಬಿದ್ದ ಕೂಡಲೇ ಅಲ್ಲಿನ ಪ್ರೋಟೀನುಗಳು ಕಣಕ್ಕೆ ಅಂಟಿಕೊಳ್ಳುತ್ತವೆ. ಈ ಹೊದಿಕೆಯನ್ನು 2007ರಿಂದ ವಿಜ್ಞಾನಿಗಳು ಪ್ರೋಟೀನ್ ಕರೋನಾ, ಅಂದರೆ ಪ್ರೋಟೀನ್ ಕಿರೀಟ, ಎಂದು ಕರೆಯುತ್ತಿದ್ದಾರೆ. (ಹೆಸರು ಒಂದೇ ಆದರೂ ವೈರಾಣುವಿಗೂ ಇದಕ್ಕೂ ಸಂಬಂಧವಿಲ್ಲ.)

ಇದನ್ನು ಅರ್ಥಮಾಡಿಕೊಳ್ಳಲು ಕಪ್ಪು ಮಣ್ಣಿನ ಉದಾಹರಣೆ ಸಾಕು. ಎರೆ ಭೂಮಿಯ ಜೇಡಿಕಣಗಳ ಮೈಮೇಲೆ ಋಣ ವಿದ್ಯುದಂಶವಿದೆ. ಆದ್ದರಿಂದ ಧನ ವಿದ್ಯುದಂಶವಿರುವ ಪೊಟ್ಯಾಷ್, ಅಮೋನಿಯಂ, ಸುಣ್ಣದ ಅಂಶಗಳು ಅದಕ್ಕೆ ಅಂಟಿ ನಿಲ್ಲುತ್ತವೆ. ನೈಟ್ರೇಟ್ ಮಾತ್ರ ನೀರಿನೊಡನೆ ಬಸಿದು ಹೋಗುತ್ತದೆ. ಮಣ್ಣು ಯಾವುದನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂಬುದನ್ನು ಅದರ ಮೈ ನಿರ್ಧರಿಸಿದಂತೆ, ಯಾವ ಪ್ರೋಟೀನುಗಳು ಅಂಟಬೇಕು ಎಂಬುದನ್ನು ನ್ಯಾನೊ ಕಣದ ಮೈ ನಿರ್ಧರಿಸುತ್ತದೆ. ಅಲ್ಬುಮಿನ್ ಹೆಚ್ಚಾಗಿ ಅಂಟಿದರೆ ಭಕ್ಷಕ ಕೋಶಗಳು ಆ ಕಣವನ್ನು ಅಷ್ಟಾಗಿ ಲಕ್ಷಿಸುವುದಿಲ್ಲ. ಪ್ರತಿಕಾಯಗಳು ಮತ್ತು ಪೂರಕ ಪ್ರೋಟೀನುಗಳು ಅಂಟಿದರೆ "ಇದನ್ನು ನುಂಗು" ಎಂಬ ಮೊಹರು ಬಿದ್ದಂತೆಯೇ. ಶ್ವಾಸಕೋಶದ ಗಾಳಿಚೀಲಗಳಲ್ಲಿ ಇದೇ ಕೆಲಸಕ್ಕೆ ಬೇರೆಯೇ ಪ್ರೋಟೀನುಗಳಿವೆ.

ಅಂಟಿದ ಪ್ರೋಟೀನಿನ ಆಕಾರವೂ ಕೆಡಬಹುದು. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಪಾಲಿಅಕ್ರಿಲಿಕ್ ಆಮ್ಲದ ಲೇಪವಿದ್ದ ಸುಮಾರು 5 ನ್ಯಾನೊಮೀಟರ್‌ನ ಚಿನ್ನದ ಕಣಗಳಿಗೆ ರಕ್ತ ಹೆಪ್ಪುಗಟ್ಟಿಸುವ ಫೈಬ್ರಿನೊಜೆನ್ ಎಂಬ ಪ್ರೋಟೀನು ಅಂಟಿ, ಮಡಿಕೆ ಬಿಚ್ಚಿಕೊಂಡಿತು. ಸಾಮಾನ್ಯವಾಗಿ ಒಳಗೆ ಅಡಗಿರುವ ಅದರ ಒಂದು ಭಾಗ ಹೊರಗೆ ಕಾಣಿಸಿದ್ದರಿಂದ ಮಾನವ ರೋಗನಿರೋಧಕ ಕೋಶಗಳು ಅದನ್ನು ಗಾಯದ ಗುರುತೆಂದು ತಿಳಿದು ಉರಿಯೂತದ ಸಂಕೇತಗಳನ್ನು ಬಿಡುಗಡೆ ಮಾಡಿದವು. ಚಿನ್ನ ನಿರುಪದ್ರವಿ ಲೋಹ; ತೊಂದರೆಯನ್ನು ತಂದದ್ದು ಅದರ ಮೈಮೇಲಿನ ಲೇಪ. "ಮೂಲ ಪದಾರ್ಥ ಸುರಕ್ಷಿತವಾದ್ದರಿಂದ ಅದರ ನ್ಯಾನೊ ರೂಪವೂ ಸುರಕ್ಷಿತ" ಎಂಬ ವಾದ ನಿಲ್ಲದಿರುವುದು ಇಂತಹ ಕಡೆಯಲ್ಲಿ.

ವಿದ್ಯುದಂಶದ ಪಾತ್ರ

ನಮ್ಮ ಜೀವಕೋಶಗಳ ಹೊರಪೊರೆಯೂ ಎರೆ ಮಣ್ಣಿನಂತೆ ಋಣ ವಿದ್ಯುದಂಶವುಳ್ಳದ್ದು. ಹಾಗಾಗಿ ಧನ ವಿದ್ಯುದಂಶವಿರುವ ಕಣಗಳು ಅದಕ್ಕೆ ಬಲವಾಗಿ ಅಂಟುತ್ತವೆ, ಹೆಚ್ಚು ಸಂಖ್ಯೆಯಲ್ಲಿ ಒಳಗೆ ಸೇರುತ್ತವೆ ಮತ್ತು ಪೊರೆಯನ್ನು ಹಾನಿಗೊಳಿಸುವ ಸಾಧ್ಯತೆ ಹೆಚ್ಚು. ಅಮೈನ್ ಗುಂಪುಗಳನ್ನು ಹೊತ್ತ ಪಾಲಿಸ್ಟೈರೀನ್ ಕಣಗಳು ಭಕ್ಷಕ ಕೋಶಗಳನ್ನು ಸಾಯಿಸುತ್ತವೆ. ಅದೇ ಗಾತ್ರದ, ಕಾರ್ಬಾಕ್ಸಿಲ್ ಗುಂಪುಗಳಿರುವ ಪಾಲಿಸ್ಟೈರೀನ್ ಕಣಗಳು ಬಹುಮಟ್ಟಿಗೆ ತೆಪ್ಪಗಿರುತ್ತವೆ. ಆದರೂ ಧನವೆಲ್ಲ ಕೆಟ್ಟದ್ದು, ಋಣವೆಲ್ಲ ಒಳ್ಳೆಯದು ಎಂದು ಗೆರೆ ಎಳೆಯಲಾಗದು. ಮೇಲೆ ಹೇಳಿದ ಚಿನ್ನದ ಕಣಗಳ ಲೇಪ ಋಣ ವಿದ್ಯುದಂಶದ್ದೇ ಆಗಿತ್ತು.

ಕೃಷಿಯಲ್ಲಿ ಬಳಕೆಗೆ ಬರುತ್ತಿರುವ ಕೈಟೊಸಾನ್ ಸೀಗಡಿ, ಏಡಿಗಳ ಚಿಪ್ಪಿನಿಂದ ತಯಾರಾಗುವ ವಸ್ತು. ಆಮ್ಲೀಯ ದ್ರಾವಣದಲ್ಲಿ ಇದಕ್ಕೆ ಧನ ವಿದ್ಯುದಂಶ ಬರುತ್ತದೆ. ಎಲೆಗೆ ಚೆನ್ನಾಗಿ ಅಂಟುವುದು ಇದರಿಂದಲೇ. ಇದು ಜೈವಿಕವಾಗಿ ವಿಘಟನೆಯಾಗುವ ವಸ್ತು ಎಂಬುದು ನಿಜ. ಎಲೆಗೆ ಅಂಟುವ ಗುಣ ಶ್ವಾಸನಾಳದ ಒಳಪದರಕ್ಕೂ ಅಂಟುತ್ತದೆ ಎಂಬುದೂ ಅಷ್ಟೇ ನಿಜ. "ನೈಸರ್ಗಿಕ" ಎಂಬ ಪದವನ್ನು ನೋಡಿ ಮುಖಗವಸು ಕಳಚುವವರಿಗೆ ಈ ಮಾತನ್ನು ಹೇಳಬೇಕಾಗುತ್ತದೆ.

ಸತುವಿನ ಕಣ: ಕರಗುವುದೇ ಸಮಸ್ಯೆ

ಭತ್ತದಲ್ಲಿ ಖೈರಾ ರೋಗವೆಂದು ಕಾಣಿಸಿಕೊಳ್ಳುವ ಸತುವಿನ ಕೊರತೆಗೆ ಸತುವಿನ ಸಲ್ಫೇಟ್ ಬಳಸುವುದು ನಿಮಗೆ ತಿಳಿದೇ ಇದೆ. ನ್ಯಾನೊ ಸತುವಿನ ಉತ್ಪನ್ನಗಳಲ್ಲಿ ಹೆಚ್ಚಾಗಿ ಇರುವುದು ಸತುವಿನ ಆಕ್ಸೈಡ್. ಇದು ನೀರಿನಲ್ಲಿ ಬಹಳ ಕಡಿಮೆ ಕರಗುತ್ತದೆ; ಆದರೆ ಭಕ್ಷಕ ಕೋಶದ ಆಮ್ಲದ ಚೀಲದೊಳಗೆ ಬೇಗ ಕರಗಿ, ಹೆಚ್ಚಿನ ಪ್ರಮಾಣದ ಸತುವಿನ ಅಯಾನುಗಳನ್ನು ಒಮ್ಮೆಲೇ ಬಿಡುಗಡೆ ಮಾಡುತ್ತದೆ. ದೇಹಕ್ಕೆ ಸತುವು ಬೇಕು. ಕೋಶದ ಒಳಗೆ ಇದ್ದಕ್ಕಿದ್ದಂತೆ ಸುರಿದ ಸತುವು ಆ ಕೋಶಕ್ಕೆ ವಿಷ.

ಇದು ಬರಿಯ ಪ್ರಯೋಗಾಲಯದ ಮಾತಲ್ಲ. ಸತುವಿನ ಲೇಪವಿರುವ ಕಬ್ಬಿಣದ ಹಾಳೆಗಳನ್ನು ವೆಲ್ಡಿಂಗ್ ಮಾಡುವವರಿಗೆ ಮತ್ತು ಹಿತ್ತಾಳೆ ಎರಕದ ಕೆಲಸಗಾರರಿಗೆ ಸಂಜೆಯ ಹೊತ್ತಿಗೆ ಚಳಿ, ಜ್ವರ, ಮೈಕೈ ನೋವು, ಬಾಯಲ್ಲಿ ಲೋಹದ ರುಚಿ ಕಾಣಿಸಿಕೊಂಡು, ಒಂದೆರಡು ದಿನಗಳಲ್ಲಿ ತಾನಾಗಿ ಇಳಿಯುವುದು ಹಳೆಯ ಕಾಲದಿಂದ ತಿಳಿದ ಸಂಗತಿ. ಇದಕ್ಕೆ ಲೋಹದ ಹೊಗೆಯ ಜ್ವರ ಎಂದು ಹೆಸರು. ಆ ಹೊಗೆಯಲ್ಲಿರುವುದು ಅತಿಸೂಕ್ಷ್ಮ ಸತುವಿನ ಆಕ್ಸೈಡ್ ಕಣಗಳೇ.

ಮೇಲ್ಮೈಯನ್ನು ಬದಲಾಯಿಸಿದರೆ ಈ ಪರಿಣಾಮವೂ ಬದಲಾಗುತ್ತದೆ. ಸತುವಿನ ಆಕ್ಸೈಡ್‌ಗೆ ಸ್ವಲ್ಪ ಕಬ್ಬಿಣ ಬೆರೆಸಿ ಕರಗುವ ವೇಗವನ್ನು ತಗ್ಗಿಸಿದಾಗ ಕೋಶಗಳಿಗೆ ಆಗುವ ಹಾನಿಯೂ ತಗ್ಗುತ್ತದೆ ಎಂಬುದನ್ನು ಸಂಶೋಧಕರು ತೋರಿಸಿದ್ದಾರೆ. ಸಿಲಿಕಾದ ತೆಳುಲೇಪದಿಂದಲೂ ಕರಗುವ ವೇಗವನ್ನು ತಗ್ಗಿಸಬಹುದು. ಬೇಗ ಕರಗಬೇಕೆಂಬುದು ಬೆಳೆಯ ಅಗತ್ಯ. ನಿಧಾನವಾಗಿ ಕರಗಬೇಕೆಂಬುದು ಸಿಂಪರಣೆ ಮಾಡುವವನ ಅಗತ್ಯ. ಉತ್ಪನ್ನ ತಯಾರಿಸುವವರು ಎರಡನ್ನೂ ತೂಗಿ ನೋಡಿದ್ದಾರೆಯೇ ಎಂದು ಕೇಳುವ ಹಕ್ಕು ಬಳಕೆದಾರರಿಗೆ ಇದೆ.

ಸಿಲಿಕಾ: ಒಂದೇ ಹೆಸರು, ಹಲವು ಮುಖ

ಮೇಲ್ಮೈಯ ಮಹತ್ವವನ್ನು ಅತ್ಯಂತ ಸ್ಪಷ್ಟವಾಗಿ, ಅತ್ಯಂತ ದುಬಾರಿ ಬೆಲೆ ತೆತ್ತು ಕಲಿಸಿದ ವಸ್ತು ಸಿಲಿಕಾ. ನದಿಯ ಮರಳು, ಬೆಣಚು ಕಲ್ಲು, ಭತ್ತದ ಉಮಿಯ ಬೂದಿ, ಎಲೆಗೆ ಸಿಂಪಡಿಸುವ ನ್ಯಾನೊ ಸಿಲಿಕಾ, ಎಲ್ಲದರಲ್ಲೂ ಇರುವುದು ಸಿಲಿಕಾನ್ ಮತ್ತು ಆಮ್ಲಜನಕ. ಆದರೆ ಬೆಣಚು ಕಲ್ಲಿನ ಸೂಕ್ಷ್ಮ ಧೂಳು ಸಿಲಿಕೋಸಿಸ್ ಎಂಬ ವಾಸಿಯಾಗದ ಶ್ವಾಸಕೋಶದ ಕಾಯಿಲೆಯನ್ನು ತರುತ್ತದೆ. ನಮ್ಮ ಕೋಲಾರದ ಚಿನ್ನದ ಗಣಿಯ ಕಾರ್ಮಿಕರಲ್ಲಿ ಈ ಕಾಯಿಲೆ 1940ರ ದಶಕದಲ್ಲೇ ವೈದ್ಯಕೀಯ ವರದಿಗಳಲ್ಲಿ ದಾಖಲಾಗಿದೆ. ಸ್ಫಟಿಕ ರೂಪದ ಸಿಲಿಕಾ ಧೂಳನ್ನು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1997ರಲ್ಲಿ ಮಾನವನಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲನೆಯ ವರ್ಗಕ್ಕೆ ಸೇರಿಸಿತು. ಸ್ಫಟಿಕವಲ್ಲದ ಸಿಲಿಕಾವನ್ನು ಹಾಗೆ ಸೇರಿಸಲಿಲ್ಲ.

ಬೆಣಚಿನ ಕಣವನ್ನು ಭಕ್ಷಕ ಕೋಶ ನುಂಗಿದಾಗ ಆಮ್ಲದ ಚೀಲದ ಪೊರೆ ಹರಿಯುತ್ತದೆ. ಒಳಗಿನ ರಸ ಕೋಶದೊಳಗೇ ಚೆಲ್ಲುತ್ತದೆ. ಆಗ ಕೋಶದಲ್ಲಿರುವ ಎನ್‌ಎಲ್‌ಆರ್‌ಪಿ-3 ಎಂಬ ಅಪಾಯ ಸೂಚಕ ವ್ಯವಸ್ಥೆ ಜಾಗೃತವಾಗಿ, ಇಂಟರ್‌ಲ್ಯೂಕಿನ್-1 ಬೀಟಾ ಎಂಬ ಉರಿಯೂತದ ಸಂಕೇತ ಹೊರಬೀಳುತ್ತದೆ. ಸಿಲಿಕಾ ಮತ್ತು ಕಲ್ನಾರಿನ ವಿಷಯದಲ್ಲಿ ಇದನ್ನು 2008ರಲ್ಲಿ ಹಲವು ಸಂಶೋಧನಾ ತಂಡಗಳು ಸ್ಪಷ್ಟಪಡಿಸಿದವು. ಕೋಶ ಸಾಯುತ್ತದೆ, ಕಣ ಮಾತ್ರ ಹಾಗೆಯೇ ಉಳಿಯುತ್ತದೆ. ಸತ್ತ ಕೋಶವನ್ನೂ ಕಣವನ್ನೂ ನುಂಗಲು ಇನ್ನೊಂದು ಭಕ್ಷಕ ಕೋಶ ಬರುತ್ತದೆ, ಅದೂ ಸಾಯುತ್ತದೆ. ವರ್ಷಗಟ್ಟಲೆ ಈ ಚಕ್ರ ತಿರುಗಿ ಮೃದುವಾದ ಶ್ವಾಸಕೋಶದಲ್ಲಿ ಗಾಯದ ಕಲೆಯಂತಹ ಗಡಸು ಗಂಟುಗಳು ಬೆಳೆಯುತ್ತವೆ. ಕಲ್ಲು ಕ್ವಾರಿಯಲ್ಲಿ ದುಡಿದು ಊರಿಗೆ ಮರಳಿದ ಮಧ್ಯವಯಸ್ಕರು ಹೊಲದ ಬದು ಹತ್ತಲಾರದೆ ಏದುಸಿರು ಬಿಡುವುದರ ಹಿಂದೆ ಈ ಪ್ರಕ್ರಿಯೆ ಇರಬಹುದು.

ಬೆಣಚಿನ ಧೂಳೇ ಏಕೆ ಹೀಗೆ ಮಾಡುತ್ತದೆ? ಸಿಲಿಕಾದ ಮೇಲ್ಮೈಯಲ್ಲಿ ಸಿಲನಾಲ್ ಎಂಬ ಪುಟ್ಟ ರಾಸಾಯನಿಕ ಗುಂಪುಗಳು ಪೈರಿನ ಸಾಲಿನಂತೆ ನಿಂತಿರುತ್ತವೆ. ಒತ್ತೊತ್ತಾಗಿದ್ದರೆ ಅವು ಪರಸ್ಪರ ಕೈಹಿಡಿದು ಸುಮ್ಮನಿರುತ್ತವೆ. ಕಲ್ಲು ಒಡೆದಾಗ ಈ ಸಾಲು ಕೆಡುತ್ತದೆ. ಕೆಲವು ಗುಂಪುಗಳು ಕೈಹಿಡಿಯಲಾಗದಷ್ಟು ದೂರದಲ್ಲಿ, ಆದರೆ ಪೂರ್ಣ ಒಂಟಿಯಾಗದಷ್ಟು ಹತ್ತಿರದಲ್ಲಿ ಉಳಿಯುತ್ತವೆ. 2020ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಈ ಅರೆಬಿಡಿ ಸಿಲನಾಲ್ ಗುಂಪುಗಳೇ ಕೋಶಪೊರೆಯನ್ನು ಹರಿಯುವಲ್ಲಿ ಮುಖ್ಯ ಪಾತ್ರ ವಹಿಸುತ್ತವೆ ಎಂದು ತೋರಿಸಿತು. ಆಗತಾನೇ ಒಡೆದ ಬೆಣಚಿನ ಧೂಳು ಹಳೆಯ ಧೂಳಿಗಿಂತ ಅಪಾಯಕಾರಿ ಎಂಬುದು ಇದಕ್ಕೂ ಮೊದಲೇ ತಿಳಿದಿತ್ತು. ಜೇಡಿಯ ತೆಳುಪದರ ಅಂಟಿದ ಬೆಣಚು ಕಡಿಮೆ ತೀಕ್ಷ್ಣ. ಉಳುಮೆಯ ಧೂಳೂ ಕ್ರಷರ್ ಧೂಳೂ ಒಂದೇ ಅಲ್ಲ ಎನ್ನಲು ಇದು ಒಂದು ಕಾರಣ. ಹಾಗೆಂದು ಉಳುಮೆಯ ಧೂಳನ್ನು ಕುಡಿಯಬೇಕೆಂದಲ್ಲ.

ಮೇಲ್ಮೈಯನ್ನು ಮುಚ್ಚಿದರೆ ಅಪಾಯ ತಪ್ಪುತ್ತದೆ ಎಂಬ ಯೋಚನೆ ಒಮ್ಮೆ ದೊಡ್ಡ ತಪ್ಪಿಗೂ ದಾರಿಮಾಡಿತು. ಕೆನಡಾದ ಆಂಟೇರಿಯೊ ಪ್ರಾಂತದಲ್ಲಿ 1943ರಿಂದ 1979ರವರೆಗೆ, ಗಣಿಗೆ ಇಳಿಯುವ ಮುನ್ನ ಸಾವಿರಾರು ಕಾರ್ಮಿಕರನ್ನು ಕೋಣೆಯೊಳಗೆ ಕೂಡಿಸಿ, ಮೆಕಿಂಟೈರ್ ಪುಡಿ ಎಂಬ ಅತಿಸೂಕ್ಷ್ಮ ಅಲ್ಯುಮಿನಿಯಂ ಧೂಳನ್ನು ಉಸಿರಾಡಿಸುತ್ತಿದ್ದರು. ಅಲ್ಯುಮಿನಿಯಂ ಸಿಲಿಕಾದ ಮೈಗೆ ಅಂಟಿ ಅದರ ತೀಕ್ಷ್ಣತೆಯನ್ನು ತಗ್ಗಿಸುತ್ತದೆ ಎಂಬುದು ನಂಬಿಕೆ. ಪ್ರಯೋಗಾಲಯದಲ್ಲಿ ಆ ನಂಬಿಕೆಗೆ ಆಧಾರ ಇತ್ತು. ಆದರೆ ಆ ಪುಡಿಯನ್ನು ಸೇವಿಸಿದ ಗಣಿ ಕಾರ್ಮಿಕರಲ್ಲಿ ಪಾರ್ಕಿನ್ಸನ್ ಕಾಯಿಲೆ ಹೆಚ್ಚಾಗಿರುವುದು ದಶಕಗಳ ನಂತರದ ಅಧ್ಯಯನಗಳಲ್ಲಿ ಕಂಡುಬಂತು. ಒಂದು ಕೋಶದ ಮೇಲಿನ ಪರಿಣಾಮವನ್ನು ನೋಡಿ ಇಡೀ ಮನುಷ್ಯನ ಮೇಲೆ ಪ್ರಯೋಗಿಸುವ ಅವಸರ ಈಗಲೂ ಅಲ್ಲಲ್ಲಿ ಕಾಣುತ್ತದೆ.

ಇನ್ನು ನಮ್ಮ ಭತ್ತದ ಬೆಲ್ಟಿನ ವಿಷಯ. ಭತ್ತದ ತೂಕದ ಸುಮಾರು ಐದನೇ ಒಂದು ಭಾಗ ಉಮಿ. ಉಮಿ ಸುಟ್ಟರೆ ಅದರ ತೂಕದ ಸುಮಾರು ಐದನೇ ಒಂದು ಭಾಗ ಬೂದಿ. ಅಂದರೆ ಒಂದು ಕ್ವಿಂಟಲ್ ಭತ್ತಕ್ಕೆ ಸರಿಸುಮಾರು 4 ಕಿಲೊ ಬೂದಿ, ಅದರಲ್ಲಿ ಹೆಚ್ಚಿನ ಪಾಲು ಸಿಲಿಕಾ. ಗಂಗಾವತಿ, ಸಿಂಧನೂರು ಭಾಗದ ಅಕ್ಕಿ ಗಿರಣಿಗಳ ಬಾಯ್ಲರ್‌ಗಳಿಂದ ಬರುವ ಈ ಬೂದಿಯನ್ನು ಜಮೀನಿಗೂ ಹಾಕುವುದುಂಟು. ಹದವಾದ ಶಾಖದಲ್ಲಿ ಸುಟ್ಟ ಉಮಿಯ ಸಿಲಿಕಾ ಸ್ಫಟಿಕವಾಗಿರುವುದಿಲ್ಲ. ಶಾಖ ಸುಮಾರು 700ರಿಂದ 800 ಡಿಗ್ರಿ ಸೆಲ್ಸಿಯಸ್ ಮೀರಿ ದೀರ್ಘಕಾಲ ಮುಂದುವರಿದರೆ ಅದು ಕ್ರಿಸ್ಟೊಬಲೈಟ್ ಎಂಬ ಸ್ಫಟಿಕ ರೂಪಕ್ಕೆ ತಿರುಗತೊಡಗುತ್ತದೆ. ಇದು ಬೆಣಚಿನ ಸಾಲಿಗೇ ಸೇರುವ ಅಪಾಯಕಾರಿ ವಸ್ತು. ಬೂದಿಯ ಬಣ್ಣವೊಂದನ್ನೇ ನೋಡಿ ಯಾವುದು ಯಾವುದೆಂದು ಖಚಿತವಾಗಿ ಹೇಳಲಾಗದು. ಆದ್ದರಿಂದ ಉಮಿಯ ಬೂದಿಯನ್ನು ಒಣಗಿದ ಸ್ಥಿತಿಯಲ್ಲಿ ಎರಚಬಾರದು. ನೀರು ಚಿಮುಕಿಸಿ ತೇವ ಮಾಡಿ, ಅಥವಾ ಕೊಟ್ಟಿಗೆ ಗೊಬ್ಬರದೊಡನೆ ಬೆರೆಸಿ ಹರಡಬೇಕು.

ಸ್ಫಟಿಕವಲ್ಲದ ನ್ಯಾನೊ ಸಿಲಿಕಾದಲ್ಲೂ ಭೇದವಿದೆ. ಜ್ವಾಲೆಯಲ್ಲಿ ತಯಾರಿಸಿದ ನ್ಯಾನೊ ಸಿಲಿಕಾದ ಮೇಲ್ಮೈಯಲ್ಲಿ ಬಿಗಿದುಕೊಂಡ ಬಂಧಗಳಿರುತ್ತವೆ. ಅದು ಕೋಶಪೊರೆಯನ್ನು ಹೆಚ್ಚು ಘಾಸಿಗೊಳಿಸುತ್ತದೆ. ದ್ರಾವಣದಲ್ಲಿ ಬೆಳೆಸಿದ ನ್ಯಾನೊ ಸಿಲಿಕಾ ಅಷ್ಟು ತೀಕ್ಷ್ಣವಲ್ಲ. ಲೇಬಲ್‌ನಲ್ಲಿ ಎರಡಕ್ಕೂ ಒಂದೇ ಹೆಸರು.

ಮೇಲ್ಮೈಯನ್ನು ಹಿತಕ್ಕೆ ಬಳಸಿದ ಉದಾಹರಣೆಗಳು

ಇದೇ ತಿಳಿವಳಿಕೆಯಿಂದ ಔಷಧ ಕ್ಷೇತ್ರ ಲಾಭ ಪಡೆದಿದೆ. ಪಾಲಿಎಥಿಲೀನ್ ಗ್ಲೈಕಾಲ್ ಎಂಬ ನೀರಿನ ಒಲವುಳ್ಳ ಎಳೆಗಳನ್ನು ಕಣದ ಮೇಲೆ ಹುಲ್ಲಿನಂತೆ ಬೆಳೆಸಿದರೆ ಪ್ರೋಟೀನುಗಳು ಅಂಟುವುದು ಕಡಿಮೆಯಾಗಿ, ಭಕ್ಷಕ ಕೋಶಗಳ ಕಣ್ಣು ತಪ್ಪಿಸಿ ಕಣ ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಈ ತತ್ವದ ಕ್ಯಾನ್ಸರ್ ಔಷಧವೊಂದಕ್ಕೆ ಅಮೆರಿಕದಲ್ಲಿ 1995ರಲ್ಲಿ ಅನುಮತಿ ದೊರೆಯಿತು. ಆದರೆ ಈ ಎಳೆಗಳ ವಿರುದ್ಧವೂ ಕೆಲವರ ದೇಹ ಪ್ರತಿಕಾಯಗಳನ್ನು ತಯಾರಿಸುತ್ತದೆ. ಎಲ್ಲರಿಗೂ ಒಗ್ಗುವ ಲೇಪ ಇನ್ನೂ ಸಿಕ್ಕಿಲ್ಲ. ಇದಕ್ಕೆ ಪ್ರತಿಯಾಗಿ ಲಸಿಕೆಗಳಲ್ಲಿ ರೋಗನಿರೋಧಕ ಕೋಶಗಳನ್ನು ಬೇಕೆಂದೇ ಎಬ್ಬಿಸಲಾಗುತ್ತದೆ. ಮಕ್ಕಳ ಲಸಿಕೆಗಳಲ್ಲೂ ಜಾನುವಾರುಗಳ ಹಲವು ಲಸಿಕೆಗಳಲ್ಲೂ ಬಳಸುವ ಅಲ್ಯುಮಿನಿಯಂ ಲವಣಗಳ ಕಣಗಳು ಲಸಿಕೆಯ ಅಂಶವನ್ನು ತಮ್ಮ ಮೈಗೆ ಅಂಟಿಸಿಕೊಂಡು, ಭಕ್ಷಕ ಕೋಶಗಳ ಗಮನ ಸೆಳೆಯುತ್ತವೆ.

ತೊಟ್ಟಿಯೊಳಗೆ ಮೇಲ್ಮೈ ಬದಲಾಗುತ್ತದೆ

ಕಾರ್ಖಾನೆಯಿಂದ ಬಾಟಲಿಯಲ್ಲಿ ಬಂದ ಕಣದ ಮೈ ಹೊಲದಲ್ಲಿ ಹಾಗೆಯೇ ಉಳಿಯುವುದಿಲ್ಲ. ಕೊಳವೆಬಾವಿಯ ಗಡಸು ನೀರಿನಲ್ಲಿರುವ ಸುಣ್ಣ ಮತ್ತು ಮೆಗ್ನೀಷಿಯಂ ಅಂಶಗಳು ಕಣಗಳ ವಿದ್ಯುದಂಶವನ್ನು ತಗ್ಗಿಸಿ ಅವನ್ನು ಮುದ್ದೆಗಟ್ಟಿಸುತ್ತವೆ. ಕೀಟನಾಶಕದಲ್ಲಿರುವ ತೇವಕಾರಕ, ಅಂಟು ದ್ರಾವಣಗಳು ಕಣದ ಲೇಪವನ್ನು ಕಿತ್ತು ತಾವೇ ಅಂಟಿಕೊಳ್ಳಬಹುದು. ಕೀಟನಾಶಕದ ಅಣುವೇ ಕಣದ ಮೈಮೇಲೆ ಕುಳಿತು ಸವಾರಿ ಮಾಡಬಹುದು. ಉತ್ಪನ್ನದ ಸುರಕ್ಷತಾ ಪರೀಕ್ಷೆಗಳು ನಡೆದಿರುವುದು ಬಾಟಲಿಯೊಳಗಿನ ಕಣದ ಮೇಲೆ. ನೀವು ಉಸಿರಾಡುವುದು ತೊಟ್ಟಿಯೊಳಗಿನ ಕಣವನ್ನು. ಈ ಅಂತರವೇ ಬೆರಕೆ ಸಿಂಪರಣೆಯ ಬಗ್ಗೆ ಎಚ್ಚರಿಸಲು ಬಲವಾದ ಕಾರಣ. ಲೇಬಲ್‌ನಲ್ಲಿ ಸೂಚಿಸದ ಯಾವುದೇ ಬೆರಕೆಯನ್ನು ಮಾಡಬೇಡಿ. ಸಿಂಪರಣೆ ಮಾಡುವ ದಿನವೇ, ಬೇಕಾದಷ್ಟೇ ದ್ರಾವಣ ತಯಾರಿಸಿ.

ಧೂಳು ಮತ್ತು ಕಣಗಳ ಮೇಲ್ಮೈಗೆ ಬ್ಯಾಕ್ಟೀರಿಯಾದ ಹೊರಪದರದ ಎಂಡೊಟಾಕ್ಸಿನ್ ಕೂಡ ಸುಲಭವಾಗಿ ಅಂಟುತ್ತದೆ. ರೋಗನಿರೋಧಕ ಕೋಶಗಳನ್ನು ಅತಿ ಕಡಿಮೆ ಪ್ರಮಾಣದಲ್ಲೇ ಕೆರಳಿಸುವ ವಸ್ತು ಇದು. ಬೂಸಲು ಹಿಡಿದ ಕಾಳು ಒಕ್ಕಿದ ರಾತ್ರಿ ಚಳಿಜ್ವರ ಬರುವುದಕ್ಕೆ ಬಹುಮಟ್ಟಿಗೆ ಇಂತಹ ಧೂಳೇ ಕಾರಣ. ನ್ಯಾನೊ ಕಣವನ್ನು ದೂರುವ ಮೊದಲು, ಅಥವಾ ನಿರಪರಾಧಿ ಎನ್ನುವ ಮೊದಲು, ಅದರ ಮೈಮೇಲೆ ಎಂಡೊಟಾಕ್ಸಿನ್ ಇದೆಯೇ ಎಂದು ಪರೀಕ್ಷಿಸುವುದು ಪ್ರಯೋಗಾಲಯಗಳ ಮೊದಲ ಕರ್ತವ್ಯ.

ಕಣ ಶ್ವಾಸಕೋಶದ ಆಳಕ್ಕೆ ತಲುಪುವುದು ಯಾವಾಗ?

ಇಲ್ಲಿ ಸಮಾಧಾನದ ಒಂದು ಸಂಗತಿ ಇದೆ. ದ್ರವರೂಪದ ಉತ್ಪನ್ನವನ್ನು ಬೆನ್ನ ಪಂಪಿನಿಂದ ಸಿಂಪಡಿಸುವಾಗ ನ್ಯಾನೊ ಕಣಗಳು ಹನಿಯೊಳಗೆ ಇರುತ್ತವೆ. ಹನಿ ಎಲ್ಲಿಗೆ ಹೋಗುತ್ತದೆಯೋ ಕಣವೂ ಅಲ್ಲಿಗೇ. ಬೆನ್ನ ಪಂಪಿನ ಹನಿಗಳು ಹೆಚ್ಚಾಗಿ 100 ಮೈಕ್ರಾನ್‌ಗಿಂತ ದೊಡ್ಡವು. ಅವು ಬೇಗ ಕೆಳಗೆ ಬೀಳುತ್ತವೆ ಅಥವಾ ಮೂಗಿನಲ್ಲೇ ತಡೆಯಲ್ಪಡುತ್ತವೆ. ಗಾಳಿಚೀಲ ತಲುಪಲು ಹನಿ ಸುಮಾರು 5 ಮೈಕ್ರಾನ್‌ಗಿಂತ ಚಿಕ್ಕದಾಗಿರಬೇಕು. ಆದರೆ ನುಣ್ಣನೆಯ ಮಂಜು ಉಗುಳುವ ಪವರ್ ಸ್ಪ್ರೇಯರ್, ಸವೆದ ಅಥವಾ ತಪ್ಪು ನಳಿಕೆ, ಹೆಚ್ಚಿನ ಒತ್ತಡ, ಮಧ್ಯಾಹ್ನದ ಒಣಬಿಸಿಲು ಸೇರಿದರೆ ಸಣ್ಣ ಹನಿಗಳು ಗಾಳಿಯಲ್ಲೇ ಆರಿ ಮತ್ತಷ್ಟು ಸಣ್ಣವಾಗುತ್ತವೆ. ಬೆಳಗಿನ ತಂಪಿನಲ್ಲಿ, ಗಾಳಿಗೆ ಬೆನ್ನು ಮಾಡಿ ಸಿಂಪಡಿಸಬೇಕೆಂಬ ಹಳೆಯ ಸಲಹೆ ಇಲ್ಲಿ ಇನ್ನಷ್ಟು ಅರ್ಥಪೂರ್ಣ.

ನಿಜವಾದ ಅಪಾಯ ಒಣ ಪುಡಿಯದು. ನ್ಯಾನೊ ಸತು, ನ್ಯಾನೊ ತಾಮ್ರ, ನ್ಯಾನೊ ಸಿಲಿಕಾ ಎಂದು ಪುಡಿಯ ಪೊಟ್ಟಣ ಕೊಟ್ಟರೆ ಅದನ್ನು ಮನೆಯೊಳಗೆ ಬಿಚ್ಚುವುದು, ಕೈಯಿಂದ ಕಲಸುವುದು, ಬೀಜಕ್ಕೆ ಒಣದಾಗಿ ಸವರುವುದು ಸರ್ವಥಾ ಬೇಡ. ತಯಾರಕರ ವಿಳಾಸ, ಅಂಶಗಳ ವಿವರ ಮತ್ತು ಅನುಮತಿಯ ವಿವರ ಇಲ್ಲದ ಪುಡಿಯನ್ನು ಕೊಳ್ಳಲೇಬೇಡಿ ಎಂಬುದು ನಮ್ಮ ಸ್ಪಷ್ಟ ಸಲಹೆ.

ಮುಖಕ್ಕೆ ಟವೆಲ್ ಸುತ್ತಿಕೊಳ್ಳುವುದರಿಂದ ಇಂತಹ ಕಣಗಳು ನಿಲ್ಲುವುದಿಲ್ಲ. ಎನ್-95 ಮುಖಗವಸು ಸರಿಯಾಗಿ ಕೂತರೆ ಕನಿಷ್ಠ ಶೇಕಡ 95ರಷ್ಟು ಸೂಕ್ಷ್ಮ ಕಣಗಳನ್ನು ತಡೆಯುತ್ತದೆ. ರಂಧ್ರಕ್ಕಿಂತ ಕಣ ಸಣ್ಣದಾದರೆ ನುಸುಳುವುದಿಲ್ಲವೇ ಎಂದು ಹಲವರು ಕೇಳುತ್ತಾರೆ. ಅತಿಸಣ್ಣ ಕಣಗಳು ನೇರವಾಗಿ ಸಾಗದೆ ಅಡ್ಡಾದಿಡ್ಡಿ ಅಲೆಯುವುದರಿಂದ ಎಳೆಗಳಿಗೆ ತಾಗಿ ಸಿಕ್ಕಿಕೊಳ್ಳುತ್ತವೆ. ಎಳೆಗಳ ಮೇಲಿನ ಸ್ಥಿರ ವಿದ್ಯುತ್ತೂ ಅವನ್ನು ಸೆಳೆಯುತ್ತದೆ. ಒದ್ದೆಯಾದರೆ, ತೊಳೆದರೆ ಈ ಗುಣ ಕೆಡುತ್ತದೆ. ಕೀಟನಾಶಕದ ಆವಿಯನ್ನು ಈ ಮುಖಗವಸು ತಡೆಯುವುದಿಲ್ಲ ಎಂಬುದೂ ನೆನಪಿರಲಿ. ಗಾಯವಿಲ್ಲದ ಚರ್ಮ ಒಳ್ಳೆಯ ತಡೆಗೋಡೆ. ಗಾಯ, ಬಿರುಕು ಇದ್ದವರು ಕೈಗವಸು ಹಾಕದೆ ದ್ರಾವಣ ಮುಟ್ಟಬಾರದು. ಉಬ್ಬಸ, ಹಳೆಯ ಕ್ಷಯ ಅಥವಾ ಕಲ್ಲು ಕ್ವಾರಿಯ ಕೆಲಸದ ಹಿನ್ನೆಲೆ ಇರುವವರಿಗೆ ಸಿಂಪರಣೆಯ ಕೆಲಸವನ್ನು ವಹಿಸದಿರುವುದು ಒಳಿತು.

ವಿಸ್ತರಣಾ ಕಾರ್ಯಕರ್ತರು ಕೇಳಬೇಕಾದ ಪ್ರಶ್ನೆಗಳು

ಭಾರತ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆಯು ನ್ಯಾನೊ ಆಧಾರಿತ ಕೃಷಿ ಪರಿಕರ ಹಾಗೂ ಆಹಾರ ಉತ್ಪನ್ನಗಳ ಮೌಲ್ಯಮಾಪನಕ್ಕೆ 2020ರಲ್ಲಿ ಮಾರ್ಗಸೂಚಿ ಪ್ರಕಟಿಸಿದೆ. ಹೊಸ ಉತ್ಪನ್ನದ ಪ್ರಾತ್ಯಕ್ಷಿಕೆಗೆ ಒಪ್ಪುವ ಮುನ್ನ ಕಂಪನಿಯ ಪ್ರತಿನಿಧಿಯನ್ನು ಕೇಳಿ: ಕಣದ ಮೇಲಿನ ಲೇಪ ಯಾವುದು, ಮೇಲ್ಮೈ ವಿದ್ಯುದಂಶ ಎಷ್ಟು, ಆಮ್ಲದಲ್ಲಿ ಎಷ್ಟು ಬೇಗ ಕರಗುತ್ತದೆ? ಉಸಿರಾಟದ ಮೂಲಕ ಸೇರಿದರೆ ಏನಾಗುತ್ತದೆ ಎಂಬ ಪರೀಕ್ಷೆ ಈ ಲೇಪವಿರುವ ಕಣದ ಮೇಲೆಯೇ ನಡೆದಿದೆಯೇ, ಅಥವಾ ಅದೇ ಹೆಸರಿನ ಬೇರೆ ಕಣದ ವರದಿಯನ್ನು ಲಗತ್ತಿಸಲಾಗಿದೆಯೇ? ಕೊನೆಯ ಪ್ರಶ್ನೆಗೆ ಉತ್ತರ ತಡವರಿಸಿದರೆ ಪ್ರಾತ್ಯಕ್ಷಿಕೆಯನ್ನು ಮುಂದೂಡಲು ಹಿಂಜರಿಯಬೇಕಿಲ್ಲ.

ಸಿಂಪರಣೆ ಅಥವಾ ಪುಡಿ ಬೆರೆಸುವ ಕೆಲಸ ಮಾಡಿದ ದಿನ ಸಂಜೆಯೋ ರಾತ್ರಿಯೋ ಚಳಿಜ್ವರ, ಎದೆಬಿಗಿತ, ಒಣಕೆಮ್ಮು, ಬಾಯಲ್ಲಿ ಲೋಹದ ರುಚಿ ಕಾಣಿಸಿದರೆ "ಬಿಸಿಲಿಗೆ ಬಂದಿರಬೇಕು" ಎಂದು ಮಲಗಬೇಡಿ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಹೋಗುವಾಗ ಬಾಟಲಿ ಅಥವಾ ಪೊಟ್ಟಣದ ಲೇಬಲನ್ನು ಜೊತೆಗೆ ಒಯ್ದು, ತೊಟ್ಟಿಗೆ ಏನೇನು ಬೆರೆಸಿದ್ದಿರಿ ಎಂಬುದನ್ನು ವೈದ್ಯರಿಗೆ ತಿಳಿಸಿ. ಉಳಿದ ದ್ರಾವಣವನ್ನು ಚೆಲ್ಲದೆ, ಮಕ್ಕಳು ಮತ್ತು ಜಾನುವಾರುಗಳಿಗೆ ಸಿಗದಂತೆ ಮುಚ್ಚಿಟ್ಟು, ರೈತ ಸಂಪರ್ಕ ಕೇಂದ್ರ ಅಥವಾ ಕೃಷಿ ವಿಜ್ಞಾನ ಕೇಂದ್ರಕ್ಕೆ ವಿಷಯ ಮುಟ್ಟಿಸಿ.